ಮನೋರೋಗಿಗಳ ಜೊತೆ ಮಾತಾಡುವ ರೀತಿಯೂ ಚಿಕಿತ್ಸೆಯೇ ಅಲ್ವಾ?

ವಾರ್ಡ್ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಒಂದು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನರ್ಸ್. ತುಂಬಾ ದಿನದಿಂದ ಮನಸ್ಸಿನಲ್ಲಿದ್ದ ವಿಷಯವನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಮಾತ್ರೆ, ಇಂಜೆಕ್ಷನ್, ಅಡ್ಮಿಷನ್ ಇವಕ್ಕೆ ನಾವು ಚಿಕಿತ್ಸೆ ಅನ್ನುತ್ತೇವೆ. ರೋಗಿಯ ಜೊತೆ ಹೇಗೆ ಮಾತಾಡಬೇಕು ಅನ್ನುವುದನ್ನು ಮಾತ್ರ ಅವರವರ ಸ್ವಭಾವಕ್ಕೆ ಬಿಟ್ಟುಬಿಡುತ್ತೇವೆ. "ಆ ಸಿಸ್ಟರ್ ಒಳ್ಳೆಯವರು, ಈ ಸಿಸ್ಟರ್ ಸಿಡುಕಿ." ಅಲ್ಲಿಗೆ ಮುಗಿಯಿತು. ನನಗೆ ಅದು ಸರಿ ಕಾಣುವುದಿಲ್ಲ. ಮನಸ್ಸಿನ ಕಾಯಿಲೆಯಲ್ಲಿ ಮಾತು ಚಿಕಿತ್ಸೆಯ ಒಳಗೇ ಇದೆ.

ಒಂದು ರಾತ್ರಿ ಪಾಳಿಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಒಬ್ಬ ಹುಡುಗನನ್ನು ಊರಿನವರು ಟೆಂಪೋದಲ್ಲಿ ಕರೆತಂದರು. ಎರಡೂ ಕೈಯನ್ನು ಟವಲಿನಲ್ಲಿ ಕಟ್ಟಿದ್ದರು. ಸುತ್ತ ಆರೇಳು ಜನ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಸೆಕ್ಯುರಿಟಿಯವರು "ಹಿಡ್ಕೊಳ್ಳಿ, ಇಂಜೆಕ್ಷನ್ ಹಾಕ್ಸಿಬಿಡೋಣ" ಅಂತ ಅವಸರ ಮಾಡುತ್ತಿದ್ದರು. ನಮ್ಮ ಹಿರಿಯ ಸಿಸ್ಟರ್ ಮೊದಲು ಜನರನ್ನು ಹೊರಗೆ ಕಳಿಸಿದರು. ಒಂದು ಟ್ಯೂಬ್‌ಲೈಟ್ ಆರಿಸಿದರು. ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಹುಡುಗನಿಂದ ಸ್ವಲ್ಪ ದೂರ, ಅವನಿಗಿಂತ ತಗ್ಗಿನ ಸ್ಟೂಲಿನ ಮೇಲೆ ಕೂತರು. ತಮ್ಮ ಹೆಸರು ಹೇಳಿ ಅವನ ಹೆಸರು ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಊಟ ಮಾಡಿ ಎಷ್ಟು ಹೊತ್ತಾಯ್ತಪ್ಪಾ?" ಹಿಂದಿನ ದಿನದಿಂದ ಅವನು ಏನೂ ತಿಂದಿರಲಿಲ್ಲ. ಟವಲು ಬಿಚ್ಚಿಸಿದರು. ಅನ್ನ ಸಾರು ತಿಂದ. "ಇದು ನಿದ್ದೆ ಬರೋಕೆ. ಬೆಳಿಗ್ಗೆ ಬಾಯಿ ಒಣಗಿದ ಹಾಗೆ ಆಗಬಹುದು, ಹೆದರಬೇಡ" ಅಂತ ಹೇಳಿ ಮಾತ್ರೆ ಕೊಟ್ಟರು. ನುಂಗಿದ. ಇಂಜೆಕ್ಷನ್ ಬೇಕಾಗಲೇ ಇಲ್ಲ.

ಎಲ್ಲರ ವಿಷಯದಲ್ಲೂ ಹೀಗೆ ಆಗುವುದಿಲ್ಲ. ಕೆಲವೊಮ್ಮೆ ಇಂಜೆಕ್ಷನ್ ಕೊಡಲೇಬೇಕಾಗುತ್ತೆ. ಆದರೆ ಸಿಸ್ಟರ್ ಅವತ್ತು ಮಾಡಿದ್ದು ಕಲಿತು ರೂಢಿಸಿಕೊಂಡ ಕೆಲಸ. ಕಲಿಯಬಹುದು ಅಂದಮೇಲೆ ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರಿಗೂ ಯಾಕೆ ಕಲಿಸುತ್ತಿಲ್ಲ? ನಿಮ್ಮ ಅನುಭವ ಬರೆಯಿರಿ. ಚಿಕಿತ್ಸೆ ಪಡೆದವರು, ಮನೆಯಲ್ಲಿ ನೋಡಿಕೊಳ್ಳುವವರು ಬರೆದರೆ ಇನ್ನೂ ಒಳ್ಳೆಯದು.

ತುಮಕೂರಿನವ:

ಸಿಸ್ಟರ್, ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ನನಗೊಂದು ಭಯ ಇದೆ. ನಮ್ಮ ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಮನೋರೋಗ. ಶುರುವಿನಲ್ಲಿ ವರ್ಷಗಟ್ಟಲೆ ಅವರಿಗೆ ಸಿಕ್ಕಿದ್ದು ಬರೀ ಒಳ್ಳೆಯ ಮಾತು. ಹೋದಲ್ಲೆಲ್ಲಾ ಪ್ರೀತಿಯಿಂದಲೇ ಮಾತಾಡಿಸಿದರು, ನಿಂಬೆಹಣ್ಣು ಮಂತ್ರಿಸಿ ಕೊಟ್ಟರು, ತಾಯಿತ ಕಟ್ಟಿದರು. ಗುಣ ಕಾಣಲಿಲ್ಲ. ಆಸ್ಪತ್ರೆಯ ಔಷಧಿ ಶುರುವಾದ ಮೇಲೆ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಕಡಿಮೆ ಆದವು. ಔಷಧಿ ಬರೆದ ಡಾಕ್ಟರ್ ಜಾಸ್ತಿ ಮಾತಾಡುವವರೇ ಅಲ್ಲ.

2001ರಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಏನಾಯಿತು ಅಂತ ನೆನಪಿದೆಯಲ್ಲ? ದರ್ಗಾದಲ್ಲಿ ವಾಸಿಯಾಗುತ್ತೆ ಅಂತ ನಂಬಿ ಮನೆಯವರು ಬಿಟ್ಟು ಹೋಗಿದ್ದ ಜನ. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಬೆಂಕಿ ಬಿದ್ದಾಗ ಓಡಲಾಗದೆ 28 ಮಂದಿ ಸತ್ತರು. "ಮಾತ್ರೆ ಬೇಡ, ಪ್ರೀತಿ ಸಾಕು" ಅನ್ನುವವರು ಈಗಲೂ ವಾಟ್ಸಾಪ್ ತುಂಬಾ ಇದ್ದಾರೆ. ಈ ಚರ್ಚೆ ಅವರಿಗೆ ಅನುಕೂಲ ಆಗಬಾರದು.

ವಾರ್ಡ್ ಸಿಸ್ಟರ್:

ನೂರಕ್ಕೆ ನೂರು ಒಪ್ಪುತ್ತೇನೆ. ಮಾತ್ರೆಯ ಬದಲು ಮಾತು ಅಂತ ನಾನು ಹೇಳುತ್ತಿಲ್ಲ. ಆ ಹುಡುಗ ಮಾತ್ರೆ ನುಂಗಿದ್ದೇ ಮಾತಿನಿಂದ.

ಸಮಾಜ ಕಾರ್ಯಕರ್ತ, ಬೆಂಗಳೂರು:

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತ. ತುಮಕೂರಿನವರ ಅನುಮಾನ ನ್ಯಾಯವಾದದ್ದು. ಮಾತಿನ ಪರಿಣಾಮವನ್ನು ಯಾರಾದರೂ ಅಳೆದಿದ್ದಾರಾ? ಅಳೆದಿದ್ದಾರೆ.

1950ರ ದಶಕದ ಕೊನೆಯಲ್ಲಿ ಲಂಡನ್ನಿನ ಜಾರ್ಜ್ ಬ್ರೌನ್ ಅನ್ನುವ ಸಮಾಜಶಾಸ್ತ್ರಜ್ಞರಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಸ್ಕಿಜೋಫ್ರೇನಿಯಾ ಚಿಕಿತ್ಸೆ ಪಡೆದು ಬಿಡುಗಡೆಯಾದವರಲ್ಲಿ ಅಪ್ಪ ಅಮ್ಮನ ಮನೆಗೋ ಹೆಂಡತಿಯ ಬಳಿಗೋ ಹೋದವರೇ ಜಾಸ್ತಿ ವಾಪಸ್ ಬರುತ್ತಿದ್ದರು. ಬಾಡಿಗೆ ಕೋಣೆಗೆ ಹೋದವರು ಅಷ್ಟಾಗಿ ಬರುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಅವರ ತಂಡ ಮನೆಯವರನ್ನು ದೀರ್ಘವಾಗಿ ಮಾತಾಡಿಸಿ, ಅದನ್ನು ಟೇಪ್ ಮಾಡಿ ಕೇಳಿತು. ರೋಗಿಯ ಬಗ್ಗೆ ಎಷ್ಟು ಸಲ ಟೀಕೆ ಬಂತು, ದ್ವೇಷ ಇತ್ತಾ, ಅತಿಯಾಗಿ ಮೇಲೆ ಬಿದ್ದು ನೋಡಿಕೊಳ್ಳುತ್ತಿದ್ದರಾ ಅಂತ ಗುರುತು ಹಾಕಿಕೊಂಡರು. ಹೇಳಿದ ಮಾತು ಮಾತ್ರ ಅಲ್ಲ, ಯಾವ ದನಿಯಲ್ಲಿ ಹೇಳಿದರು ಅನ್ನುವುದೂ ಲೆಕ್ಕಕ್ಕೆ ಬಂತು. ಇದೇ ರೀತಿಯ ಅಧ್ಯಯನಗಳು ಹಲವು ದೇಶಗಳಲ್ಲಿ ನಡೆದವು. ಟೀಕೆ ಮತ್ತು ಸಿಟ್ಟು ಜಾಸ್ತಿ ಇದ್ದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿತು. ಶಾಂತವಾಗಿದ್ದ ಮನೆಗಳಲ್ಲಿ ಅದು ಐದನೇ ಒಂದು ಭಾಗ.

ತುಮಕೂರಿನವರೇ, ನಿಮ್ಮ ಮಾತಿಗೂ ಅಲ್ಲಿ ಆಧಾರ ಇದೆ. ಟೀಕೆ ಜಾಸ್ತಿ ಇದ್ದ ಮನೆಯಲ್ಲೂ ಮಾತ್ರೆ ಬಿಡದೆ ತೆಗೆದುಕೊಂಡವರು ಮಾತ್ರೆ ಬಿಟ್ಟವರಿಗಿಂತ ಚೆನ್ನಾಗಿದ್ದರು. ಹಾಗಾಗಿ ಎರಡೂ ಬೇಕು.

1980ರ ದಶಕದಲ್ಲಿ ಚಂಡೀಗಢದಲ್ಲೂ ಈ ಅಧ್ಯಯನ ಆಯಿತು. ಟೀಕೆ, ಸಿಟ್ಟು ಜಾಸ್ತಿ ಇರುವ ಮನೆಗಳು ಲಂಡನ್ನಿನಲ್ಲಿ ಅರ್ಧದಷ್ಟಿದ್ದರೆ ಚಂಡೀಗಢದಲ್ಲಿ ಕಾಲು ಭಾಗದಷ್ಟು ಮಾತ್ರ. ನಮ್ಮ ಕುಟುಂಬಗಳಲ್ಲಿ ಸಹಿಸಿಕೊಳ್ಳುವ ಶಕ್ತಿ ಇದೆ. ಅದನ್ನು ಬಳಸಿಕೊಳ್ಳುವ ಕೆಲಸ ಅದಕ್ಕೂ ಮುಂಚೆಯೇ ಶುರುವಾಗಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆ ಉಳಿಸಿಕೊಂಡರು. ನಮ್ಮ ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗಿರುವ ಫ್ಯಾಮಿಲಿ ವಾರ್ಡ್ ಇದೆ. ಕಾಯಿಲೆ ಅಂದರೇನು, ಮನೆಗೆ ಹೋದಮೇಲೆ ಹೇಗೆ ಮಾತಾಡಿಸಬೇಕು ಅಂತ ಅವರಿಗೆ ಅಲ್ಲೇ ತಿಳಿಸಿ ಹೇಳಲು ಇದರಿಂದ ಸಾಧ್ಯ.

ಹಾಸನದ ಅಕ್ಕ:

ಓದುತ್ತಾ ಹೊಟ್ಟೆ ತೊಳಸಿದ ಹಾಗಾಯಿತು. ಹಾಗಾದರೆ ನನ್ನ ತಮ್ಮ ಎರಡನೇ ಸಲ ಆಸ್ಪತ್ರೆಗೆ ಸೇರಿದ್ದು ನಮ್ಮ ಮನೆಯವರಿಂದಲಾ ಸರ್?

ಸಮಾಜ ಕಾರ್ಯಕರ್ತ, ಬೆಂಗಳೂರು:

ಇಲ್ಲ ಅಕ್ಕ. ಖಂಡಿತ ಹಾಗಲ್ಲ. ಮನೆಯವರ ಮಾತಿನಿಂದ ಸ್ಕಿಜೋಫ್ರೇನಿಯಾ ಬರುವುದಿಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟು ನೋಡಿಕೊಂಡವರ ಬಾಯಲ್ಲಿ ಸಿಟ್ಟು ಬರುವುದು ಸಹಜ. ಆ ಸಿಟ್ಟು ಬಹಳ ಸಲ ಬರುವುದು ಕಾಯಿಲೆ ಬಗ್ಗೆ ಯಾರೂ ತಿಳಿಸಿ ಹೇಳದೆ ಇದ್ದಾಗ. ನಿಮ್ಮಲ್ಲಿ ಹೇಗಿತ್ತು?

ಹಾಸನದ ಅಕ್ಕ:

ನಮ್ಮಲ್ಲೂ ಅದೇ. ತಮ್ಮ ಬೆಳಿಗ್ಗೆ ಹನ್ನೊಂದಾದರೂ ಏಳುತ್ತಿರಲಿಲ್ಲ. ಎದ್ದರೂ ಸುಮ್ನೆ ಗೋಡೆ ನೋಡುತ್ತಾ ಕೂರುತ್ತಿದ್ದ. ಅಪ್ಪ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೆಯುವ ಮನುಷ್ಯ. "ತಿಂದು ಮಲಗೋಕೆ ನಾಚಿಕೆ ಇಲ್ವಾ" ಅಂತ ದಿನಾ ಶುರು ಮಾಡುತ್ತಿದ್ದರು. ಅಪ್ಪನ ಲೆಕ್ಕದಲ್ಲಿ ಕಿರುಚುವುದು, ಓಡಿಹೋಗುವುದು ಕಾಯಿಲೆ. ಸುಮ್ಮನೆ ಕೂರುವುದು ಸೋಮಾರಿತನ.

ಆಮೇಲೆ ಒಬ್ಬರು ಮೇಡಂ ಅಪ್ಪನನ್ನು ಕೂರಿಸಿಕೊಂಡು ಹೇಳಿದರು. ಉತ್ಸಾಹ ಬತ್ತಿ ಹೋಗುವುದೂ ಇದೇ ಕಾಯಿಲೆಯ ಲಕ್ಷಣ, ರಾತ್ರಿ ಮಾತ್ರೆಯ ಮಂಪರೂ ಸೇರಿಕೊಂಡಿದೆ ಅಂತ. ಡಾಕ್ಟರ್ ಮಾತ್ರೆಯನ್ನು ರಾತ್ರಿ ಹತ್ತರ ಬದಲು ಎಂಟಕ್ಕೇ ಕೊಡಲು ಹೇಳಿದರು. ಅಪ್ಪ ಅವತ್ತು ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಮಾರನೇ ದಿನದಿಂದ ಬೈಯುವುದು ನಿಲ್ಲಿಸಿದರು. ಈಗ "ಜೋಳಕ್ಕೆ ನೀರು ಬಿಡ್ಬೇಕು, ಬರ್ತೀಯೇನೋ?" ಅಂತ ಕೇಳುತ್ತಾರೆ. ಒಂದೊಂದು ದಿನ ಹೋಗುತ್ತಾನೆ, ಒಂದೊಂದು ದಿನ ಇಲ್ಲ. ಹೋಗದಿದ್ದರೆ ಅಪ್ಪ ಒಬ್ಬರೇ ಹೋಗುತ್ತಾರೆ. ಆ ಮೇಡಂ ಮೊದಲ ಸಲವೇ ಸಿಕ್ಕಿದ್ದರೆ ಅನಿಸುತ್ತೆ.

ಪಿಎಚ್‌ಸಿ ಡಾಕ್ಟರ್:

ನನ್ನ ಕಡೆಯಿಂದ ಎರಡು ಮಾತು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಮಾನಸಿಕ ತೊಂದರೆ ಇರುವ ನೂರು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಚಿಕಿತ್ಸೆಯಲ್ಲೇ ಇಲ್ಲ. ಅಷ್ಟು ಕಷ್ಟಪಟ್ಟು ಬಂದ ಉಳಿದವರನ್ನೂ ನಾವು ಕಳೆದುಕೊಳ್ಳುತ್ತೇವೆ. ಯಾಕೆ ಗೊತ್ತಾ? ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಆದರೆ ವಾಕರಿಕೆ, ತಲೆನೋವು, ಚಡಪಡಿಕೆ ಮೊದಲ ವಾರವೇ ಬರಬಹುದು. ಅಂದರೆ ಗುಣಕ್ಕಿಂತ ತೊಂದರೆ ಮೊದಲು. ಇದನ್ನು ಹೇಳದೆ ಚೀಟಿ ಕೊಟ್ಟರೆ ಐದನೇ ದಿನಕ್ಕೆ ಮಾತ್ರೆ ಕಸದ ಬುಟ್ಟಿ ಸೇರುತ್ತೆ. "ನಿದ್ದೆ ಮಾತ್ರೆ ಕೊಟ್ಟು ಅಭ್ಯಾಸ ಮಾಡಿಸ್ತಾರೆ" ಅಂತ ಊರೆಲ್ಲಾ ಸುದ್ದಿಯೂ ಆಗುತ್ತೆ.

ಕರುಣೆ ಅಂದರೆ ಕಣ್ಣೀರು ಒರೆಸುವುದೇ ಆಗಬೇಕಿಲ್ಲ. ಮುಂದೆ ಏನಾಗುತ್ತೆ ಅಂತ ಮೊದಲೇ ಹೇಳುವುದೂ ಕರುಣೆಯೇ. ನಾನು ಹೇಳುವುದು ಇಷ್ಟು: "ಹತ್ತು ದಿನ ಸ್ವಲ್ಪ ಕಿರಿಕಿರಿ ಇರಬಹುದು. ಮೊದಲು ನಿದ್ದೆ, ಹಸಿವು ಸರಿಹೋಗುತ್ತೆ. ಮನಸ್ಸು ಹಗುರಾಗೋದು ಆಮೇಲೆ. ತಡೆಯೋಕೆ ಆಗದಿದ್ದರೆ ನಿಲ್ಲಿಸಬೇಡಿ, ನನ್ನ ಹತ್ತಿರ ಬನ್ನಿ." ಇದಕ್ಕೆ ಎರಡು ನಿಮಿಷ ಸಾಕು.

ಆದರೆ ಎಲ್ಲವೂ ಎರಡು ನಿಮಿಷದಲ್ಲಿ ಮುಗಿಯುವುದಿಲ್ಲ. ಓಪಿಡಿಯಲ್ಲಿ ನೂರು ಜನ ಸಾಲಿನಲ್ಲಿದ್ದಾಗ ಒಬ್ಬರು ಅಳಲು ಶುರು ಮಾಡಿದರೆ ಯಾವ ಡಾಕ್ಟರಿಗೂ ಕೈಕಾಲು ಆಡುವುದಿಲ್ಲ. ಸಿಬ್ಬಂದಿ ಕೊಡದೆ ಸಿಬ್ಬಂದಿಗೆ ಮೃದುವಾಗಿ ಮಾತಾಡಿ ಅನ್ನುವುದು ಅನ್ಯಾಯ. ಸರ್ಕಾರದ ಕಡೆ ಈ ಮಾತನ್ನು ಜೋರಾಗಿಯೇ ಹೇಳಬೇಕು.

ಬೈಪೋಲಾರ್ ಜೊತೆ ಬದುಕು:

ಡಾಕ್ಟರ್ ಹೇಳಿದ್ದು ಸರಿ. ಆದರೆ ಸಮಯವೇ ಬೇಕಿಲ್ಲದ ವಿಷಯಗಳೂ ಇವೆ. ನನಗಿರುವುದು ಬೈಪೋಲಾರ್, ಮನಸ್ಸು ಕೆಲವು ಕಾಲ ಅತಿಯಾಗಿ ಏರಿ ಕೆಲವು ಕಾಲ ಅತಿಯಾಗಿ ಕುಗ್ಗುವ ಕಾಯಿಲೆ. ಮೊದಲ ಸಲ ಅದು ಬಂದಾಗ ಹೋದ ಒಂದು ಆಸ್ಪತ್ರೆಯಲ್ಲಿ ನಾನು ಎದುರಿಗೇ ಕೂತಿದ್ದೆ. ಡಾಕ್ಟರ್ ನನ್ನ ಗಂಡನನ್ನು ಕೇಳಿದರು, "ಇವರು ರಾತ್ರಿ ನಿದ್ದೆ ಮಾಡ್ತಾರಾ?" ನಾನು ಉತ್ತರ ಹೇಳಿದೆ. ಅವರು ಮತ್ತೆ ಗಂಡನ ಮುಖ ನೋಡಿ "ಹೌದಾ?" ಅಂದರು. ಅಷ್ಟೇ. ಅವತ್ತಿನಿಂದ ಅಲ್ಲಿ ನಾನು ಬಾಯಿ ಬಿಡಲಿಲ್ಲ. ಏನು ಕೇಳಿದರೂ "ಚೆನ್ನಾಗಿದ್ದೀನಿ."

ಈಗ ನೋಡುತ್ತಿರುವ ಡಾಕ್ಟರ್ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಮೊದಲು ನನ್ನನ್ನೇ ಕೇಳುತ್ತಾರೆ. ಆಮೇಲೆ "ನಿಮ್ಮ ಯಜಮಾನರನ್ನೂ ಕೇಳಲಾ?" ಅಂತ ಒಪ್ಪಿಗೆ ಪಡೆಯುತ್ತಾರೆ. ಲಿಥಿಯಂ ಮಾತ್ರೆ ಯಾಕೆ, ರಕ್ತ ಪರೀಕ್ಷೆ ಯಾಕೆ ಬಿಡಬಾರದು, ವಾಂತಿ ಭೇದಿ ಆದರೆ ಯಾಕೆ ತಕ್ಷಣ ಫೋನ್ ಮಾಡಬೇಕು ಅಂತ ನನಗೇ ಹೇಳಿದರು. ಇದಕ್ಕೆ ಹೆಚ್ಚು ನಿಮಿಷ ಹಿಡಿಯಲಿಲ್ಲ. ನನ್ನನ್ನೂ ಲೆಕ್ಕಕ್ಕೆ ತೆಗೆದುಕೊಂಡರು ಅಷ್ಟೇ.

ಇದು ಅವರ ಉಪಕಾರವೂ ಅಲ್ಲ, ನಮ್ಮ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಕಾಯಿಲೆ ಏನು, ಯಾವ ಔಷಧಿ, ಅಡ್ಡ ಪರಿಣಾಮ ಏನು ಅಂತ ತಿಳಿಯುವ ಹಕ್ಕು ರೋಗಿಗೆ ಇದೆ. ಮುಂದೆ ಕಾಯಿಲೆ ಜಾಸ್ತಿಯಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಚೆನ್ನಾಗಿದ್ದಾಗಲೇ ಬರೆದಿಡಬಹುದು. ನಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ನಾವೇ ಹೆಸರಿಸಬಹುದು. ಸರಪಳಿ ಹಾಕುವುದು ನಿಷಿದ್ಧ. ಕಟ್ಟಿಹಾಕುವುದಾದರೆ ಕೂಡಲೇ ಆಗಬಹುದಾದ ಅಪಾಯ ತಪ್ಪಿಸಲು ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದ. ಶಿಕ್ಷೆಯಾಗಿ ಅಂತೂ ಕೂಡದೇ ಕೂಡದು.

ಲೀಡ್ಸ್ ಕನ್ನಡಿಗ:

ನಾನು ಇಂಗ್ಲೆಂಡಿನಲ್ಲಿ ಮನೋರೋಗ ವಾರ್ಡಿನ ನರ್ಸ್, ಮೂಲ ದಾವಣಗೆರೆ. ಸಿಸ್ಟರ್ ಕೇಳಿದ "ಯಾಕೆ ಕಲಿಸುತ್ತಿಲ್ಲ" ಅನ್ನುವ ಪ್ರಶ್ನೆಗೆ ಇಲ್ಲಿನ ಒಂದು ಉದಾಹರಣೆ. ಲಂಡನ್ನಿನ ಲೆನ್ ಬವರ್ಸ್ ಅನ್ನುವ ಪ್ರೊಫೆಸರ್, ಅವರೂ ನರ್ಸ್, "ಸೇಫ್‌ವಾರ್ಡ್ಸ್" ಅನ್ನುವ ಪದ್ಧತಿ ರೂಪಿಸಿದರು. ವಾರ್ಡಿನ ಸಿಬ್ಬಂದಿ ದಿನಾ ಮಾಡಬಹುದಾದ ಹತ್ತು ಕೆಲಸ. ದುಬಾರಿ ಯಂತ್ರ ಏನೂ ಇಲ್ಲ. ಬೇಡ ಅನ್ನಬೇಕಾದಾಗ ಹೇಗೆ ಮೃದುವಾಗಿ ಅನ್ನಬೇಕು, ಕೆಟ್ಟ ಸುದ್ದಿ ಬಂದವರ ಜೊತೆ ಮೊದಲೇ ಹೋಗಿ ಹೇಗೆ ಕೂರಬೇಕು, ಪಾಳಿ ಬದಲಾಗುವಾಗ ಪ್ರತಿ ರೋಗಿಯ ಬಗ್ಗೆ ಒಂದು ಒಳ್ಳೆಯ ಮಾತು ಸೇರಿಸಿಯೇ ವರದಿ ಕೊಡಬೇಕು, ಈ ಥರದ್ದು. 31 ವಾರ್ಡುಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಲಾಟೆ ಶೇ. 15ರಷ್ಟು ಕಡಿಮೆ ಆಯಿತು. ಹಿಡಿದು ಕಟ್ಟುವುದು, ಬಲವಂತದ ಇಂಜೆಕ್ಷನ್, ಕೋಣೆಯಲ್ಲಿ ಕೂಡಿಹಾಕುವುದು ಇಂಥವು ಶೇ. 26ರಷ್ಟು ಕಡಿಮೆ.

ನನಗೆ ತುಂಬಾ ಇಷ್ಟವಾದದ್ದು ಬೋರ್ಡು. ಬಿಡುಗಡೆಯಾಗಿ ಹೋಗುವವರು ಹೊಸದಾಗಿ ಬರುವವರಿಗೆ ಒಂದು ಚೀಟಿ ಬರೆದು ಅಂಟಿಸಿ ಹೋಗುತ್ತಾರೆ. ನಾವು ಎಷ್ಟು ಸಮಾಧಾನ ಹೇಳಿದರೂ, ಅದೇ ಮಂಚದಲ್ಲಿ ಮಲಗಿ ಎದ್ದು ಹೋದವರ ಮಾತಿನ ತೂಕ ಬೇರೆ. ಇದನ್ನು ನಮ್ಮ ಕಡೆ ನಾಳೆಯೇ ಶುರು ಮಾಡಬಹುದು. ಒಂದು ಡ್ರಾಯಿಂಗ್ ಶೀಟು ಸಾಕು.

ವಾರ್ಡ್ ಸಿಸ್ಟರ್:

ಪಾಳಿ ಬದಲಾಗುವಾಗಿನ ಮಾತು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ "ಹತ್ತನೇ ಬೆಡ್ ಭಾರೀ ತೊಂದರೆ" ಅಂತ ಹೇಳಿ ಹೋದರೆ, ಬಂದವರು ಆ ಬೆಡ್ಡಿಗೆ ಸಿಟ್ಟು ತಯಾರಿಟ್ಟುಕೊಂಡೇ ಹೋಗುತ್ತಾರೆ. ಬೋರ್ಡಿನ ವಿಷಯ ಈ ವಾರವೇ ನಮ್ಮ ಮೇಡಂ ಹತ್ತಿರ ಮಾತಾಡುತ್ತೇನೆ.

ಕೊಪ್ಪಳದ ಆಶಾ:

ನಾನು ಆಶಾ ಕಾರ್ಯಕರ್ತೆ. ಇಲ್ಲಿ ದೊಡ್ಡ ದೊಡ್ಡವರು ಬರೆಯುತ್ತಿದ್ದೀರಿ, ನಾನೂ ಒಂದು ಹೇಳುತ್ತೇನೆ. ಜೀವ ಕಳೆದುಕೊಳ್ಳಲು ಹೋಗಿ ಉಳಿದು ಬಂದವರ ಮನೆಗೆ ಹೋಗುವುದೇ ನನಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಬಂದ ನೆಂಟರೆಲ್ಲಾ "ಮಕ್ಕಳ ಮುಖ ನೋಡಬಾರದಿತ್ತಾ", "ಮನೆ ಮರ್ಯಾದೆ ಏನಾಗಬೇಕು" ಅಂತ ಒಬ್ಬರಾದ ಮೇಲೆ ಒಬ್ಬರು ಬೈಯುತ್ತಾರೆ. ಕೇಸ್ ಆಗುತ್ತೆ ಅನ್ನುವ ಹೆದರಿಕೆ ಬೇರೆ. ನಾನು ನೀರಿನ ನೆಪ, ಮಗುವಿನ ಚುಚ್ಚುಮದ್ದಿನ ನೆಪ ಮಾಡಿ ಹೋಗಿ ಪಕ್ಕದಲ್ಲಿ ಕೂರುತ್ತೇನೆ. "ಈಗಲೂ ಆ ಯೋಚನೆ ಬರ್ತದೇನವ್ವಾ?" ಅಂತ ನೇರ ಕೇಳುತ್ತೇನೆ. ಹಾಗೆ ಕೇಳಬಾರದು, ನೆನಪು ಮಾಡಿದ ಹಾಗೆ ಆಗುತ್ತೆ ಅಂತ ನಮ್ಮ ಜೊತೆಯವರೇ ಅನ್ನುತ್ತಾರೆ. ಯಾವುದು ಸರಿ?

ಸಮಾಜ ಕಾರ್ಯಕರ್ತ, ಬೆಂಗಳೂರು:

ಅಕ್ಕಾ, ನೀವು ಮಾಡುತ್ತಿರುವುದೇ ಸರಿ. ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಹೆಚ್ಚಾಗುವುದೂ ಇಲ್ಲ. ಒಳಗೇ ಇಟ್ಟುಕೊಂಡು ನರಳುತ್ತಿದ್ದವರಿಗೆ ಬಾಯಿಬಿಡಲು ದಾರಿ ಸಿಗುತ್ತೆ. "ಹೌದು" ಅಂದರೆ ಒಬ್ಬರೇ ಇರಲು ಬಿಡಬೇಡಿ, ಆವತ್ತೇ ಡಾಕ್ಟರಿಗೆ ತಿಳಿಸಿ.

ಮತ್ತೆ ಮತ್ತೆ ಹೋಗಿ ಮಾತಾಡಿಸುವುದಕ್ಕೂ ಬಲವಾದ ಆಧಾರ ಇದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಅಧ್ಯಯನ ಮಾಡಿತು. ಅದರಲ್ಲಿ ನಮ್ಮ ಪಕ್ಕದ ಚೆನ್ನೈಯೂ ಇತ್ತು. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರಲ್ಲಿ ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ ಸಿಕ್ಕಿತು. ಉಳಿದವರಿಗೆ ಅದರ ಜೊತೆ ಒಂದು ಗಂಟೆ ಕೂತು ತಿಳಿಹೇಳಿ, 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ಹೇಗಿದ್ದೀರಿ ಅಂತ ವಿಚಾರಿಸಿದರು. ಎಂದಿನ ಚಿಕಿತ್ಸೆಯವರಲ್ಲಿ ಶೇ. 2.2ರಷ್ಟು ಜನ ಆಮೇಲೆ ಆತ್ಮಹತ್ಯೆಯಿಂದ ತೀರಿಕೊಂಡರು. ವಿಚಾರಿಸುತ್ತಾ ಇದ್ದವರಲ್ಲಿ ಶೇ. 0.2. 2008ರಲ್ಲಿ ಇದು ಪ್ರಕಟವಾಯಿತು.

ಕೇಸಿನ ಬಗ್ಗೆ ಹೆದರಿಕೆ ಬೇಡ ಅಂತ ಊರಲ್ಲಿ ಹೇಳಿ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸುವುದನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲ.

ಹೊಸ ಸದಸ್ಯೆ:

ನಾನು ಇಷ್ಟು ದಿನ ಬರೀ ಓದುತ್ತಿದ್ದೆ. ಅಮ್ಮನಿಗೆ ಅರವತ್ತು ದಾಟಿದೆ. ಕೆಲವು ವಾರಗಳಿಂದ ಎದುರು ಮನೆಯವರು ಟಿವಿಯಲ್ಲಿ ತನ್ನ ಬಗ್ಗೆಯೇ ಮಾತಾಡಿಸುತ್ತಿದ್ದಾರೆ ಅನ್ನುತ್ತಿದ್ದಾರೆ. "ಇಲ್ಲಮ್ಮ, ನಿಂಗೆ ಭ್ರಮೆ" ಅಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಹೌದು ಅನ್ನಲೂ ಆಗುವುದಿಲ್ಲ. ಏನು ಹೇಳಲಿ?

ವಾರ್ಡ್ ಸಿಸ್ಟರ್:

ವಾದ ಮಾಡಬೇಡಿ, ಒಪ್ಪಿಕೊಳ್ಳಲೂ ಬೇಡಿ. ಅವರ ಹೆದರಿಕೆ ನಿಜ, ಅದಕ್ಕೆ ಉತ್ತರ ಕೊಡಿ. "ನಂಗೆ ಹಾಗೆ ಕೇಳಿಸ್ತಿಲ್ಲಮ್ಮ. ಆದ್ರೆ ನಿಂಗೆ ಕೇಳಿಸಿ ಎಷ್ಟು ಭಯ ಆಗ್ತಿರಬೇಕು ಅಂತ ಗೊತ್ತಾಗುತ್ತೆ. ನಾನು ಇಲ್ಲೇ ಇದ್ದೀನಿ." ಇಷ್ಟು ಸಾಕು. ಟಿವಿ ಆರಿಸಲಾ ಅಂತ ಅವರನ್ನೇ ಕೇಳಿ. ಅವರ ಎದುರು ಬೇರೆಯವರ ಜೊತೆ ಪಿಸುಗುಟ್ಟಬೇಡಿ, ಅನುಮಾನ ಇನ್ನೂ ಜಾಸ್ತಿಯಾಗುತ್ತೆ.

ಪಿಎಚ್‌ಸಿ ಡಾಕ್ಟರ್:

ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾಗಿದ್ದರೆ ಬೇಗ ತೋರಿಸಬೇಕು. ಥೈರಾಯಿಡ್, ಬಿ12, ಮೂತ್ರದ ಸೋಂಕು, ಮರೆವಿನ ಕಾಯಿಲೆ ಇವುಗಳಲ್ಲಿ ಯಾವುದಾದರೂ ಕಾರಣ ಇರಬಹುದು. ಕಿವಿ ಮಂದವಾದ ಹಿರಿಯರಿಗೂ ಎಲ್ಲರೂ ತಮ್ಮ ಬಗ್ಗೆಯೇ ಮಾತಾಡುತ್ತಾರೆ ಅನಿಸುವುದುಂಟು, ಅದನ್ನೂ ಪರೀಕ್ಷಿಸಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ನಿಮ್ಮಲ್ಲಿ ವಿಚಾರಿಸಿಕೊಳ್ಳಿ. ಅದಕ್ಕೂ ಮುಂಚೆ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹೊಸ ಸದಸ್ಯೆ:

ತುಂಬಾ ಧನ್ಯವಾದ. ಮಂಗಳವಾರವೇ ಹೋಗುತ್ತೇವೆ. ಅಣ್ಣ ಹೇಳುತ್ತಿದ್ದಾನೆ, ದೇವಸ್ಥಾನಕ್ಕೆ ಅಂತ ಹೇಳಿ ಆಟೋ ಹತ್ತಿಸೋಣ, ಇಲ್ಲದಿದ್ದರೆ ಬರುವುದಿಲ್ಲ ಅಂತ. ಹಾಗೆ ಮಾಡಬಹುದಾ?

ಬೈಪೋಲಾರ್ ಜೊತೆ ಬದುಕು:

ದಯವಿಟ್ಟು ಬೇಡ. ನನ್ನನ್ನು ಮದುವೆಗೆ ಅಂತ ಹೇಳಿ ಕರೆದುಕೊಂಡು ಹೋಗಿದ್ದರು. ರೇಷ್ಮೆ ಸೀರೆ ಉಟ್ಟುಕೊಂಡು ಓಪಿಡಿ ಸಾಲಿನಲ್ಲಿ ಕೂತಿದ್ದೆ. ಆಮೇಲೆ ತುಂಬಾ ದಿನ ಮನೆಯವರು ಎಲ್ಲಿಗೆ ಕರೆದರೂ ಕಾಲು ಮುಂದೆ ಬರುತ್ತಿರಲಿಲ್ಲ. ಅಮ್ಮನಿಗೆ ಈಗಾಗಲೇ ಎಲ್ಲರೂ ತನಗೆ ಮೋಸ ಮಾಡುತ್ತಿದ್ದಾರೆ ಅನಿಸುತ್ತಿದೆ. ಅದು ನಿಜ ಅಂತ ನೀವೇ ತೋರಿಸಿಕೊಟ್ಟ ಹಾಗಾಗುತ್ತೆ. ಅವರಿಗೇ ಬೇಡವಾದ ತೊಂದರೆ ಯಾವುದು ಅಂತ ನೋಡಿ. ರಾತ್ರಿ ನಿದ್ದೆ ಬರುತ್ತಿಲ್ಲ ಅಂದರೆ "ನಿದ್ದೆ ಇಲ್ಲದೆ ಸೋತು ಹೋಗಿದ್ದೀಯಮ್ಮ, ಮಂಗಳವಾರ ಆಸ್ಪತ್ರೆಯಲ್ಲಿ ಡಾಕ್ಟರಿಗೆ ತೋರಿಸೋಣ, ನಾನೂ ಒಳಗೆ ಬರ್ತೀನಿ" ಅನ್ನಿ. ಯಾವ ಡಾಕ್ಟರ್ ಅಂತ ಕೇಳಿದರೆ ಮುಚ್ಚಿಡಬೇಡಿ, ನಿಜ ಹೇಳಿ. ಮೊದಲ ಸಲ ಬೇಡ ಅನ್ನಬಹುದು. ಸುಮ್ಮನಿದ್ದು ಸಂಜೆ ಇನ್ನೊಂದು ಸಲ ಕೇಳಿ.